ಹೊಳೆಗೂ ಅಂಚೆಗೂ ಪಂದ್ಯ ಕಟ್ಟಿದ ಮೇಷ್ಟ್ರು

ಹೋದ ವಾರ ಮಡಕಶಿರದಿಂದ ಒಂದು ಕಾರ್ಡು ಬಂತು. "ನಮ್ಮ ತಂದೆಯವರು ತೀರಿಕೊಂಡರು. ನಿಮ್ಮ ವಿಳಾಸ ಅವರ ಪುಸ್ತಕದಲ್ಲಿ ಸಿಕ್ಕಿತು" ಎಂದು ಮೇಷ್ಟ್ರ ಮಗಳು ಬರೆದಿದ್ದಳು. ಕಾರ್ಡು ನನ್ನ ಕೈ ಸೇರುವ ಹೊತ್ತಿಗೆ ತಿಥಿಯ ಊಟವೂ ಮುಗಿದು ಎರಡು ದಿನ ಆಗಿತ್ತು. ಸಂಕಟವಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಅದರ ಬೆನ್ನಿಗೇ ನಗುವೂ ಬಂತು. ಅವರ ಕೈಗೇ ಈ ಕಾರ್ಡು ಸಿಕ್ಕಿದ್ದರೆ, ಒಳಗಿನ ಸಮಾಚಾರ ಓದುವ ಮೊದಲು ಅಂಚೆ ಮುದ್ರೆಯ ತಾರೀಖು ನೋಡಿ, ಬೆರಳು ಮಡಿಚಿ ದಿನ ಎಣಿಸಿ, "ನೋಡಿ ಸ್ವಾಮಿ, ಮತ್ತೆ ಸೋತ್ರು ಅಂಚೆಯೋರು" ಎನ್ನುತ್ತಿದ್ದರು.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಆ ಊರಿನಲ್ಲೂ ಯಾರಿಗೂ ಅವರ ಹೆಸರಿನ ಜರೂರು ಬೀಳಲಿಲ್ಲ. ಮಡಕಶಿರದ ಮೇಷ್ಟ್ರು ಅಂದರೆ ಸಾಕಾಗುತ್ತಿತ್ತು.

ಆಗಿನ್ನೂ ಮದರಾಸಿನವರ ಆಳ್ವಿಕೆ. ನಮ್ಮ ರಾಯದುರ್ಗ ಬಳ್ಳಾರಿ ಜಿಲ್ಲೆಗೆ ಸೇರಿತ್ತು, ಮಡಕಶಿರ ಅನಂತಪುರ ಜಿಲ್ಲೆಗೆ. ಗುಮ್ಮಘಟ್ಟದ ಕಡೆ ಹಗರಿ ಹೊಳೆಯ ದಂಡೆಯ ಒಂದು ಊರಿನಲ್ಲಿ ಜಿಲ್ಲಾ ಬೋರ್ಡಿನ ಸ್ಕೂಲು. ಹೊಳೆಯ ಜಾಡು ಹಿಡಿದು ಸ್ವಲ್ಪ ಮೇಲಕ್ಕೆ ನಡೆದರೆ ಮೈಸೂರು ಮಹಾರಾಜರ ಸೀಮೆ. ನಾನು ಟ್ರೈನಿಂಗ್ ಮುಗಿಸಿ ಮೊದಲ ನೌಕರಿಗೆ ಬಂದು ಸೇರಿದ್ದೆ. ಅವರು ನನಗಿಂತ ಹದಿನೈದು ವರ್ಷ ದೊಡ್ಡವರು. ನಾನು ಲೆಕ್ಕ, ತೆಲುಗು ಹೇಳುತ್ತಿದ್ದೆ. ಅವರು ಕನ್ನಡ, ಚರಿತ್ರೆ, ಭೂಗೋಳ. ಹಾಗಂತ ಹಾಜರಿ ಪಟ್ಟಿಯಲ್ಲಿ ಬರೆದಿತ್ತು. ನಿಜವಾಗಿ ಅವರು ಹೇಳುತ್ತಿದ್ದದ್ದು ಹಗರಿ ಒಂದನ್ನೇ.

ಉದ್ದನೆಯ ಸಣಕಲು ಮೈ, ಬಣ್ಣ ಮಾಸಿದ ಕೋಟು, ಎರಡೂ ಜೇಬಿನಲ್ಲಿ ಉಸುಕು. ಹೊಳೆಯ ಯಾವ ಜಾಗದ ಉಸುಕು ಎಷ್ಟು ದಪ್ಪ ಎಂದು ಹೋಲಿಸಿ ನೋಡಲು ಹಿಡಿ ಹಿಡಿ ತುಂಬಿಕೊಂಡು ಬರುತ್ತಿದ್ದರು. ಅವರ ಮನೆಯಾಕೆ ಒಂದು ಸಲ ನನ್ನ ಮುಂದೆಯೇ ಅಂದರು, "ಇವರ ಕೋಟು ಒಗೆದ್ರೆ ಬಚ್ಚಲು ಕಟ್ಕಂತದೆ ಕಣಪ್ಪಾ. ನೀನಾದ್ರೂ ಒಂದು ಮಾತು ಹೇಳು." ಹೇಳಿದೆ. "ಬಚ್ಚಲು ಅಂದ್ರೂ ಒಂದು ನದೀನೇ ಅಲ್ವೇ" ಎಂದರು ಅವರು.

ನದಿಯ ಮಾತು ಬಂದಾಗ ಅವರ ಬಲಗೈ ತಾನಾಗಿ ಮುಂದೆ ಚಾಚಿ, ಅಂಗೈ ಸ್ವಲ್ಪ ಓರೆಯಾಗುತ್ತಿತ್ತು. ಅದು ಇಳಿಜಾರು. ಮೇಲೆ ಬಾಬಾಬುಡನ್ ಗಿರಿ ಅಂದರೆ ಮೊಣಕೈ. ಅಲ್ಲಿ ವೇದಾ, ಅವತಿ ಎಂಬ ಎರಡು ಹಳ್ಳ ಹುಟ್ಟಿ, ಕೂಡಿ ವೇದಾವತಿಯಾಗಿ, ಮಾರಿಕಣಿವೆಯ ಕಟ್ಟೆಯಲ್ಲಿ ನಿಂತು, ಉಳಿದದ್ದು ಹೊರಟು ಮಣಿಕಟ್ಟಿನ ಹತ್ತಿರ ನಮ್ಮ ಸೀಮೆಗೆ ಬರುವ ಹೊತ್ತಿಗೆ ಹಗರಿ ಎಂದಾಗುತ್ತದೆ. ಬೆರಳ ತುದಿಯಲ್ಲಿ ತುಂಗಭದ್ರೆ. "ತವರಲ್ಲಿ ಒಂದು ಹೆಸರು, ಗಂಡನ ಮನೇಲಿ ಒಂದು ಹೆಸರು. ಅಷ್ಟೇ ಸ್ವಾಮಿ" ಎನ್ನುತ್ತಿದ್ದರು. ಊರಿನ ಹಿರಿಯರು ಇದು ಅಘಹರಿ, ಪಾಪ ಕಳೆಯುವವಳು, ಜನರ ಬಾಯಲ್ಲಿ ಹಗರಿಯಾಯಿತು ಎನ್ನುತ್ತಿದ್ದರು. ಮೇಷ್ಟ್ರು ಕೈ ಮುಗಿದು ಕೇಳಿ, ಆಮೇಲೆ ನನ್ನ ಕಿವಿಯಲ್ಲಿ, "ಇರಬೋದು. ಪಾಪ ತೊಳೆಯೋಕೂ ನೀರು ಬೇಕಲ್ವಾ" ಎಂದು ಕೇಳುತ್ತಿದ್ದರು.

ನೀರು ಇರುತ್ತಿರಲಿಲ್ಲ. ಅದೇ ನಮ್ಮ ಹಗರಿಯ ಗುಣ. ವರ್ಷದಲ್ಲಿ ಹತ್ತು ತಿಂಗಳು ಅದು ಅರ್ಧ ಮೈಲಿ ಅಗಲದ ಉಸುಕಿನ ಬಯಲು. ಬೇಸಿಗೆಯ ಗಾಳಿ ಎದ್ದರೆ ಆ ಉಸುಕು ಹಾರಿಬಂದು ದಂಡೆಯ ಹೊಲಗಳಲ್ಲಿ ಗುಡ್ಡೆಯಾಗಿ ಕೂರುತ್ತಿತ್ತು. ಹೊರಗಿನವರು ಬಂದು ಹೊಳೆ ಎಲ್ಲಿ ಎಂದು ಹೊಳೆಯ ನಡುವೆ ನಿಂತೇ ಕೇಳಿದ್ದುಂಟು.

ಆಚೆ ದಂಡೆಯಲ್ಲಿ ಒಂದು ಹಳೆಯ ಗುಡಿ ಇತ್ತು. ನಮ್ಮೂರಿನ ದೇವರೇ. ಯಾವುದೋ ಕಾಲದಲ್ಲಿ ಊರಿನವರ ಮೇಲೆ ಸಿಟ್ಟಾಗಿ ಹೊಳೆ ದಾಟಿ ಹೋಯಿತೆಂದು ಜನ ನಂಬಿದ್ದರು. ಮೇಷ್ಟ್ರು ಎಂಬತ್ತು ದಾಟಿದ ಮುದುಕರನ್ನೆಲ್ಲ ಹುಡುಕಿ ಕೂರಿಸಿ ಕೇಳಿದರು. ಅವರ ಅಜ್ಜಂದಿರ ಹೊಲ ಎಲ್ಲಿತ್ತು, ಬಾವಿ ಎಲ್ಲಿತ್ತು ಎಂದು ಬರೆದುಕೊಂಡರು. ಮೂರು ತಿಂಗಳಾದ ಮೇಲೆ ಗುಡಿಕಟ್ಟೆಯ ಮೇಲೆ ನಿಂತು, "ದೇವರಿಗೆ ಸಿಟ್ಟಿಲ್ಲ. ಅವನು ಇದ್ದಲ್ಲೇ ಅವನೆ. ಹೊಳೆ ಜಾಡು ಬದಲಾಯಿಸಿ ಮಧ್ಯೆ ಬಂದದೆ" ಎಂದು ಸಾರಿದರು. ಪೂಜಾರಿಗೆ ಇದು ಹಿಡಿಸಲಿಲ್ಲ. ತಪ್ಪುಕಾಣಿಕೆ ಸಲ್ಲಿಸಲು ಬರುವ ಜನ ಕಡಿಮೆಯಾದಾರು ಎಂಬ ಅಂಜಿಕೆ.

ನನಗೂ ಅವರಿಗೂ ಜಗಳ ಆದದ್ದು ಒಂದೇ ಸಲ. ಅದೂ ನೀರಿನ ಮೇಲೆಯೇ. "ನಮ್ಮ ಮಡಕಶಿರದ ಮಳೆ ಜಯಮಂಗಲಿಗೆ ಬಿದ್ದು, ಪಿನಾಕಿನಿ ಸೇರಿ, ನೆಲ್ಲೂರಿನ ಹತ್ರ ನೆಟ್ಟಗೆ ಸಮುದ್ರಕ್ಕೆ ಹೋಗ್ತದೆ. ನಿಮ್ಮೂರಿಂದು ಹಗರಿಗೆ ಬಿದ್ದು, ತುಂಗಭದ್ರೆಗೆ ಹೋಗಿ, ಕೃಷ್ಣೆಗೆ ಹೋಗಿ, ಆಮೇಲೆ ಸಮುದ್ರ. ಊರೆಲ್ಲ ಸುತ್ತಬೇಕು" ಎಂದರು. ನಾನು ಹುಡುಗು ಬುದ್ಧಿಯಲ್ಲಿ, "ನಿಮ್ಮ ಜಯಮಂಗಲ್ಯಾಗ ನೀರಿದ್ರ ತಾನ್ರೀ ಸಾರ್, ಅದು ಹೋಗೋದು?" ಅಂದುಬಿಟ್ಟೆ. ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ತಾವೇ ಬಂದು, "ನಾನೂ ಯೋಚನೆ ಮಾಡ್ದೆ. ನೀವು ಹೇಳಿದ್ದು ಸರಿ. ಬರೀ ಜಾಡು ಐತೆ" ಎಂದರು. ಹಾಗೆ ಸೋಲು ಒಪ್ಪಿಕೊಳ್ಳುವವರನ್ನು ನಾನು ಹೆಚ್ಚು ಕಂಡಿಲ್ಲ.

ಸುಳ್ಳು ಅವರಿಗೆ ಆಗುತ್ತಿರಲಿಲ್ಲ. ಸ್ಕೂಲಿನ ಹಿಂದಿನ ಗೋಡೆಗೆ ಸುಣ್ಣ ಬಳಿದು, ಬಟ್ಟೆಗೆ ಹಾಕುವ ನೀಲಿಯಿಂದ ಹಗರಿಯ ನಕ್ಷೆ ಬರೆದಿದ್ದರು. ಅದರಲ್ಲೂ ಸುಳ್ಳಿರಬಾರದು. ಹೊಳೆ ಬತ್ತಿದಾಗ ಒದ್ದೆ ಬಟ್ಟೆಯಿಂದ ನಮ್ಮ ಸೀಮೆಯ ಗೆರೆಯನ್ನು ಒರೆಸಿಬಿಡುತ್ತಿದ್ದರು. ಹೊಳೆ ಬಂದ ದಿನ ಮತ್ತೆ ನೀಲಿ ಕಲಸಿ ಗೆರೆ ಎಳೆಯುತ್ತಿದ್ದರು.

ಒಂದು ಬೇಸಿಗೆಯಲ್ಲಿ ಸ್ಕೂಲು ಇನ್ಸ್‌ಪೆಕ್ಟರು ಬಂದರು. ಗೋಡೆ ನೋಡಿ, "ಏನ್ರೀ ಇದು, ನದಿ ಅರ್ಧಕ್ಕೇ ನಿಂತುಬಿಟ್ಟಿದೆ?" ಎಂದು ಕೇಳಿದರು.

"ಇನ್ನೂ ಬಂದಿಲ್ಲ ಸಾರ್."

"ಯಾರು ಬಂದಿಲ್ಲ?"

"ನದಿ ಸಾರ್."

ಇನ್ಸ್‌ಪೆಕ್ಟರು ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ. ಮೇಷ್ಟ್ರು ಆ ಮನುಷ್ಯನನ್ನು ಬೂಟಿನ ಸಮೇತ ಉಸುಕಿನಲ್ಲಿ ನಡೆಸಿಕೊಂಡು ಹೋಗಿ, ಹೊಳೆಯ ನಡುಮಧ್ಯದಲ್ಲಿ ಕೂತು ಎರಡೂ ಕೈಯಿಂದ ಒರತೆ ತೋಡಿದರು. ಮೊಣಕೈ ಮುಳುಗುವಷ್ಟು ತೋಡಿದ ಮೇಲೆ ತಣ್ಣನೆಯ ತಿಳಿನೀರು ಜಿನುಗಿ ನಿಂತಿತು. ತಮ್ಮ ತಂಬಿಗೆಯಲ್ಲಿ ತುಂಬಿ ಕೊಟ್ಟರು. "ಮೇಲೆ ಬಂದಿಲ್ಲ ಅಂದೆ ಸಾರ್. ಕೆಳಗೆ ಐತೆ." ಇನ್ಸ್‌ಪೆಕ್ಟರು ಎರಡು ತಂಬಿಗೆ ಕುಡಿದು, ತಂಪಾಗಿ, ವರದಿಯಲ್ಲಿ ಮಾತ್ರ "ನಕ್ಷೆಯಲ್ಲಿ ನದಿಗಳನ್ನು ಪೂರ್ತಿಯಾಗಿ ಬರೆಯತಕ್ಕದ್ದು" ಎಂದು ಬರೆದು ಹೋದರು. ಮೇಷ್ಟ್ರು ಬರೆಯಲಿಲ್ಲ.

ಇನ್ನು ಪಂದ್ಯದ ವಿಷಯ. ಅವರ ಭಾವಮೈದ ಒಬ್ಬರು ಪರಶುರಾಂಪುರದಲ್ಲಿ ಜವಳಿ ಅಂಗಡಿ ಇಟ್ಟಿದ್ದರು. ಅದು ಮೈಸೂರು ಸೀಮೆ, ಇದೇ ಹೊಳೆ ಅಲ್ಲಿಂದ ಇಳಿದು ನಮ್ಮ ಕಡೆ ಬರಬೇಕು. ಅಲ್ಲಿ ಹೊಳೆ ಬಂದ ಕೂಡಲೇ ಒಂದು ಕಾರ್ಡು ಬರೆಯಬೇಕೆಂದು ಮೇಷ್ಟ್ರು ಅವರನ್ನು ಒಪ್ಪಿಸಿದ್ದರು. ಹೊಳೆ ಮತ್ತು ಕಾರ್ಡು ಒಟ್ಟಿಗೆ ಹೊರಡುತ್ತಿದ್ದವು. ಕಾರ್ಡು ಚಳ್ಳಕೆರೆಗೆ ಹೋಗಿ, ಚಿತ್ರದುರ್ಗ ನೋಡಿ, ಬಳ್ಳಾರಿಯಲ್ಲಿ ಮಲಗಿ, ರೈಲಿನಲ್ಲಿ ರಾಯದುರ್ಗಕ್ಕೆ ಬಂದು, ಟಪಾಲಿನವನ ಚೀಲದಲ್ಲಿ ನಮ್ಮೂರಿಗೆ ಬರುವುದಕ್ಕೆ ನಾಲ್ಕು ದಿನ. ಹೊಳೆಗೆ ಅರ್ಧ ದಿನ. ಮೇಷ್ಟ್ರು ಒಂದು ನೋಟುಬುಕ್ಕಿನಲ್ಲಿ ಪ್ರತಿ ಸಲದ ಫಲಿತಾಂಶ ಬರೆದಿಡುತ್ತಿದ್ದರು. ನಾನು ನೋಡಿದಾಗ ಹೊಳೆ ಏಳು ಗೆದ್ದಿತ್ತು, ಅಂಚೆ ಒಂದೂ ಇಲ್ಲ. "ಹೊಳೆ ಬಂದು ಹೋದ ಮೇಲೆ ಹೊಳೆ ಬರುತ್ತೆ ಅಂತ ಕಾಗದ ಬರ್ತದೆ. ನಮ್ಮ ಸರ್ಕಾರದ ಎಲ್ಲಾ ಕಾಗದಾನೂ ಹಿಂಗೇ" ಎಂದು ನಗುತ್ತಿದ್ದರು. ಊರಿನವರೂ ನಗುತ್ತಿದ್ದರು. ಟಪಾಲಿನವನು ಮಾತ್ರ ನಗುತ್ತಿರಲಿಲ್ಲ.

ಆ ವರ್ಷ ದಸರೆ ಕಳೆಯಿತು, ದೀಪಾವಳಿ ಕಳೆಯಿತು, ಹೊಳೆ ಬರಲಿಲ್ಲ. ಈ ವರ್ಷ ಇನ್ನು ಬರುವುದಿಲ್ಲ ಎಂದು ಜನ ತೀರ್ಮಾನಿಸಿ, ಉಸುಕಿನ ಬಯಲಿನಲ್ಲಿ ಗುಣಿ ತೋಡಿ, ಗೊಬ್ಬರ ಹಾಕಿ, ಸೌತೆ, ಕರಬೂಜದ ಬೀಜ ಊರಿದರು. ಹೊಳೆಯ ಒಡಲು ಸರ್ಕಾರದ ಪೋರಂಬೋಕು ನೆಲ. ಅಲ್ಲಿ ಬೆಳೆ ಇಡುವುದು ಕಾಯಿದೆಗೆ ವಿರುದ್ಧ. ಆದರೆ ಎಲ್ಲರೂ ಇಡುತ್ತಿದ್ದರು, ಯಾರೂ ನೋಡುತ್ತಿರಲಿಲ್ಲ. ಹತ್ತು ಹನ್ನೆರಡು ಮನೆಯವರು ಅಲ್ಲೇ ಗುಡಿಸಲು ಹಾಕಿಕೊಂಡು, ಕೂಸು ಕುನ್ನಿ ಆಡು ಸಮೇತ ಸಂಸಾರ ಹೂಡಿದ್ದರು.

ಕಾರ್ತೀಕ ಮುಗಿಯುವ ಹೊತ್ತಿನ ಒಂದು ಬೆಳಿಗ್ಗೆ. ಆಕಾಶದಲ್ಲಿ ಒಂದು ಎಳೆ ಮೋಡವಿಲ್ಲ. ಚಳ್ಳಕೆರೆಯಿಂದ ಪರಶುರಾಂಪುರದ ಮೇಲೆ ರಾಯದುರ್ಗಕ್ಕೆ ಬರುವ ಮೋಟಾರು ಬಸ್ಸು ನಮ್ಮೂರಿನ ಹತ್ತಿರ ನಿಂತು, ಡ್ರೈವರ್ ಇಳಿದು ಸ್ಕೂಲಿಗೇ ಬಂದ. "ಮಡಕಶಿರದ ಮೇಷ್ಟ್ರು ಯಾರ್ರಿ? ಇದನ್ನ ಅವರ ಕೈಯಾಗೇ ಕೊಡು ಅಂದಾರ" ಎಂದು ಒಂದು ಕಾರ್ಡು ಕೊಟ್ಟ. ಏಳು ಸಲ ಸೋತ ಭಾವಮೈದ ಈ ಸಲ ಅಂಚೆಯನ್ನೇ ನಂಬದೆ ಬಸ್ಸಿನವನಿಗೆ ಕೊಟ್ಟು ಕಳಿಸಿದ್ದರು. "ರಾತ್ರಿಯೆಲ್ಲಾ ಮಳೆ. ಹಳ್ಳಗಳೆಲ್ಲಾ ಹೊಳೆಗೆ ಬಿದ್ದಿವೆ. ಇಷ್ಟು ನೀರು ನಾನು ಕಂಡಿಲ್ಲ. ಈ ಸಲ ನಾನು ಗೆದ್ದೆ ಎಂದು ಬರೆದುಕೊಳ್ಳಿ."

ನಾನು ನಕ್ಕೆ. ಮೇಷ್ಟ್ರು ನಗಲಿಲ್ಲ. ಕಾರ್ಡನ್ನು ಎರಡು ಸಲ ಓದಿ, ಕೈಯಲ್ಲಿದ್ದ ಸೀಮೆಸುಣ್ಣ ಕೆಳಗಿಟ್ಟು, "ಮಕ್ಕಳನ್ನ ಯಾರೂ ಹೊಳೆ ಕಡೆ ಬಿಡಬ್ಯಾಡಿ ಅಂತ ಹೆಡ್ಮಾಸ್ಟರಿಗೆ ಹೇಳಿ, ನೀವು ಬನ್ನಿ" ಎಂದು ಹೊರಟೇಬಿಟ್ಟರು.

ಉಸುಕಿನಲ್ಲಿ ಅಷ್ಟು ಜೋರಾಗಿ ಓಡುವುದು ಯಾರಿಗೂ ಆಗುವ ಮಾತಲ್ಲ. ಅವರು ಓಡಿದರು. ಮೊದಲನೆಯ ಗುಡಿಸಲು ಒಬ್ಬ ಅಜ್ಜಿಯದು. ಅವಳ ಮಾತಿಗೆ ಆ ಬಯಲಿನಲ್ಲಿ ಎದುರಾಡುವವರಿಲ್ಲ. ಸೊಸೆ ಬಾಣಂತಿ, ಕೂಸು ತೊಟ್ಟಿಲಲ್ಲಿತ್ತು. ಅಜ್ಜಿ ಬಳ್ಳಿಗೆ ನೀರು ಹನಿಸುತ್ತಿದ್ದಳು.

"ಅಜ್ಜೀ, ಎಲ್ಲಾ ಎತ್ಕಂಡು ದಂಡೆಗೆ ಹೋಗಿ. ಹೊಳೆ ಬರ್ತಾ ಐತೆ."

ಅಜ್ಜಿ ಹಣೆಗೆ ಕೈ ಹಚ್ಚಿ ಮೇಲೆ ನೋಡಿದಳು. "ಎಲ್ಲೈತ್ರಿ ಮೇಷ್ಟ್ರ ಮಳಿ? ಮುಗಿಲು ನೋಡ್ರಿ, ಒಗದು ಹರವಿದ ಅರಿವಿ ಆಗೈತಿ."

"ಮೇಲೆ ಮೈಸೂರು ಕಡೆ ಬಿದ್ದದೆ. ಕಾಗದ ಬಂದದೆ, ನೋಡಿ."

"ನಿಮ್ಮ ಕಾಗದ ಬಂದೈತಿ ಅಂದ್ರ ಹೊಳಿ ನಾಕು ದಿನದ ಹಿಂದ ಬಂದು ಹೋಗಿರಬೇಕು ಬಿಡ್ರಿ!" ಎಂದು ಅಜ್ಜಿ ನಕ್ಕಳು. ಸುತ್ತಲಿನ ಗುಡಿಸಲುಗಳಿಂದಲೂ ನಗು ಎದ್ದಿತು. ಇಷ್ಟು ವರ್ಷ ಅವರೇ ಹಂಚಿದ ನಗೆ ಅದು.

ಎರಡನೆಯ ಗುಡಿಸಲಿಗೆ ಹೋದರು. ಮೂರನೆಯದಕ್ಕೆ ಹೋದರು. ಕೈ ಮುಗಿದರು. ಒಬ್ಬ ಬೀಡಿ ಹಚ್ಚಿಕೊಂಡು, "ಬರ್ಲಿ ಬಿಡ್ರಿ, ಬಂದಾಗ ಏಳ್ತೀವಿ" ಎಂದ. ಹೊತ್ತು ಏರುತ್ತಿತ್ತು. ಮೇಷ್ಟ್ರು ಬಯಲಿನ ನಡುವೆ ನಿಂತು, ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿದರು. ಮತ್ತೆ ಹಾಕಿಕೊಂಡರು. ಮತ್ತೆ ತೆಗೆದರು. ತುಟಿ ಅಲುಗುತ್ತಿತ್ತು. ಅವರಿಗೆ ಏನೋ ಆಗುತ್ತಿದೆ ಎಂದು ನಾನು ಹತ್ತಿರ ಹೋಗುವಷ್ಟರಲ್ಲಿ, ಆ ಸಣಕಲು ಎದೆಯಿಂದ ಎಂಥಾ ದನಿ ಬಂತು ಅನ್ನುತ್ತೀರಿ! ಅದೂ ತೆಲುಗಿನಲ್ಲಿ.

"ಸರ್ವೇಯರು ವಸ್ತುನ್ನಾಡು! ಗೊಲುಸು ತೆಸ್ತುನ್ನಾಡು! ಪೇರ್ಲು ರಾಸುಕುಂಟಾಡು!"

ಸರ್ವೇಯರು ಬರುತ್ತಿದ್ದಾನೆ, ಅಳೆಯುವ ಸರಪಳಿ ತರುತ್ತಿದ್ದಾನೆ, ಹೆಸರು ಬರೆದುಕೊಳ್ಳುತ್ತಾನೆ.

ಬೀಡಿಯವನು ಮೊದಲು ಎದ್ದ. ಆಮೇಲೆ ಯಾರು ಎದ್ದರು, ಯಾರು ಬಿದ್ದರು ಎಂದು ಹೇಳಲಾರೆ. ಪೋರಂಬೋಕಿನಲ್ಲಿ ತಮ್ಮ ಗುರುತು ಒಂದೂ ಸಿಗಬಾರದೆಂದು ಜನ ಗಳ ಕಿತ್ತರು, ಚಾಪೆ ಸುತ್ತಿದರು, ಒಲೆಯ ಕಲ್ಲನ್ನೂ ಬಿಡಲಿಲ್ಲ. ಅಜ್ಜಿ ತೊಟ್ಟಿಲನ್ನು ಕೂಸಿನ ಸಮೇತ ತಲೆಯ ಮೇಲೆ ಹೊತ್ತು ಎಲ್ಲರಿಗಿಂತ ಮುಂದೆ ಹೋದಳು. ಎರಡು ಆಡು ನನ್ನ ಕೈಗೆ ಬಂದವು, ಯಾರದೋ ಗೊತ್ತಿಲ್ಲ. ಮೇಷ್ಟ್ರು ಒಂದೊಂದು ಗುಡಿಸಲಿಗೂ ತಲೆ ಹಾಕಿ ನೋಡಿ, ಒಬ್ಬ ಕಿವುಡ ಮುದುಕನನ್ನು ಬೆನ್ನ ಮೇಲೆ ಹೇರಿಕೊಂಡು ಕೊನೆಗೆ ದಂಡೆ ಹತ್ತಿದರು.

ಊಟದ ಹೊತ್ತಿಗೆ ಹೊಳೆ ಬಂತು. ಮೊದಲು ಸಪ್ಪಳ. ಒಣಗಿದ ಎಲೆಗಳ ಮೇಲೆ ದನದ ಹಿಂಡು ನಡೆದ ಹಾಗೆ. ಆಮೇಲೆ ಹಸಿಮಣ್ಣಿನ ವಾಸನೆ. ಆಮೇಲೆ ತಿರುವಿನಲ್ಲಿ ಒಂದು ಕಂದು ನಾಲಿಗೆ ಕಾಣಿಸಿ, ನೊರೆ, ಜಾಲಿಮುಳ್ಳು, ತರಗು, ಹಾವು ಎಲ್ಲ ಹೊತ್ತುಕೊಂಡು ಉಸುಕನ್ನು ನೆಕ್ಕುತ್ತ ಬಂತು. ಉಸುಕು ಗುಳುಗುಳು ಎಂದು ಕುಡಿಯಿತು. ಕುಡಿದು ಸಾಕಾದ ಮೇಲೆ ಹೊಳೆ ಎದ್ದಿತು. ಗುಡಿಸಲುಗಳಿದ್ದ ಜಾಗ ನೋಡನೋಡುತ್ತಲೇ ಆಳುದ್ದ ನೀರಾಯಿತು. ಬಿಸಿಲು ಮಾತ್ರ ಹಾಗೇ ಹೊಳೆಯುತ್ತಿತ್ತು.

ದಂಡೆಯ ಮೇಲೆ ನಿಂತಿದ್ದ ಅಜ್ಜಿ ಮೇಷ್ಟ್ರ ಕಡೆ ತಿರುಗಿದಳು.

"ಬಂದ ನೋಡ್ರಿ ನಿಮ್ಮ ಸರ್ವೇಯರು. ಆ ದಂಡಿಯಿಂದ ಈ ದಂಡಿಗೆ ಒಂದ ಸಲಕ್ಕ ಅಳದುಬಿಟ್ಟ."

ಮೇಷ್ಟ್ರು ನೆಲದ ಮೇಲೆ ಕೂತುಬಿಟ್ಟಿದ್ದರು. ಆಮೇಲೆ ನನಗೊಬ್ಬನಿಗೇ ಕೇಳುವಂತೆ, "ಸುಳ್ಳನ್ನ ಕನ್ನಡದಾಗೆ ಹೇಳೋಕೆ ನಾಲಿಗೆ ತಿರುಗಲಿಲ್ಲ ಸ್ವಾಮಿ" ಎಂದರು. "ತೆಲುಗಾದ್ರೆ ಕಚೇರಿ ಮಾತಿನಂಗೆ ಇರ್ತದೆ, ಯಾರೋ ಬೇರೆಯವರು ಹೇಳಿದಂಗೆ ಆಯ್ತದೆ."

ಇಷ್ಟಕ್ಕೇ ಮುಗಿಯಲಿಲ್ಲ. ಯಾವ ಅಪ್ಪಣೆಯೂ ಇಲ್ಲದೆ ಸರ್ವೆಯ ಸುದ್ದಿ ಹಬ್ಬಿಸಿ ಯಾರೋ ಜನರನ್ನು ಹೆದರಿಸಿದ್ದಾರೆ ಎಂದು ತಾಲೂಕು ಕಚೇರಿಗೆ ಒಂದು ಅರ್ಜಿ ಹೋಯಿತು. ಬರೆದವರು ಯಾರು ಎಂದು ಗೊತ್ತಾಗಲಿಲ್ಲ. ಪೂಜಾರಿಯ ಕೈಬರಹ ಎಂದು ಕೆಲವರು ಅಂದರು. ತಹಶೀಲ್ದಾರರೇ ಬಂದು ಸ್ಕೂಲಿನ ಬೇವಿನ ಮರದಡಿ ಕುರ್ಚಿ ಹಾಕಿಸಿಕೊಂಡು ಕೂತರು. ಸಾಕ್ಷಿಗೆ ನನ್ನನ್ನು ಕರೆದರು. ನಾನು ರಾತ್ರಿಯೇ ಒಂದು ಒಳ್ಳೆಯ ಸುಳ್ಳು ಹೆಣೆದಿಟ್ಟುಕೊಂಡಿದ್ದೆ. ಬಾಯಿ ತೆಗೆಯುವ ಮೊದಲೇ ಮೇಷ್ಟ್ರು ಮುಂದೆ ಬಂದು, "ಹೇಳಿದೋನು ನಾನೇ ಸ್ವಾಮಿ" ಎಂದರು.

"ಯಾರ ಅಪ್ಪಣೆ ಇತ್ತು?"

"ನನಗೂ ಇರಲಿಲ್ಲ ಸ್ವಾಮಿ. ಹೊಳೆಗೂ ಇರಲಿಲ್ಲ."

ತಹಶೀಲ್ದಾರರು ಮೀಸೆಯ ಮೇಲೆ ಕೈ ಆಡಿಸಿ ಬಾಯಿ ಮುಚ್ಚಿಕೊಂಡರು. ನಗು ತಡೆದರೆಂದೇ ನನ್ನ ನಂಬಿಕೆ. ಆದರೆ ಹೇಳಿಕೆ ಹೇಳಿಕೆಯೇ. ಬರೆದುಕೊಂಡು ಹೋದರು. ಅಜ್ಜಿ ಅವರ ಗಾಡಿಯ ಹಿಂದೆ ಹೋಗಿ, "ನನ್ನ ಮೊಮ್ಮಗ ಉಳದಾನ್ರಿ, ಅದನ್ನೂ ಬರಕೊಳ್ರಿ" ಎಂದು ಕೂಗಿದಳು. ಪೋರಂಬೋಕಿನಲ್ಲಿ ಬೆಳೆ ಇಟ್ಟದ್ದನ್ನು ಸರ್ಕಾರದ ಎದುರಿಗೆ ತಾನೇ ಒಪ್ಪಿಕೊಂಡಂತಾಗುತ್ತದೆ ಎಂದು ಯಾರೋ ಸೆರಗು ಜಗ್ಗಿದರು. ಅವಳು ಜಗ್ಗಿದ ಕೈಗೆ ಒಂದು ಏಟು ಹಾಕಿ ಮತ್ತೆ ಕೂಗಿದಳು.

ತಿಂಗಳೊಳಗೆ ವರ್ಗದ ಹುಕುಂ ಬಂತು. ಸಿರುಗುಪ್ಪದ ಕಡೆಗೆ, ಜಿಲ್ಲೆಯ ಇನ್ನೊಂದು ತುದಿಗೆ. ಎಲ್ಲರೂ ಮರುಗಿದರು. ಮೇಷ್ಟ್ರು ಹುಕುಂ ಓದಿ, ಭೂಪಟ ಬಿಚ್ಚಿ, ಬೆರಳಿಟ್ಟು ನೋಡಿ, ಕೂತಲ್ಲಿಂದ ಎದ್ದು ನಿಂತರು. "ಹಗರಿ ತುಂಗಭದ್ರೆಗೆ ಸೇರೋದು ಇಲ್ಲೇ ಅಲ್ಲೇನ್ರಿ! ಹೆಚ್ಚೂ ಕಮ್ಮಿ ದಂಡೆ ಮೇಲೇ ಹಾಕವ್ರೆ!" ಶಿಕ್ಷೆಗೆ ಹೊರಟ ಮನುಷ್ಯ ಅಷ್ಟು ಅವಸರದಲ್ಲಿ ಗಂಟು ಕಟ್ಟಿದ್ದನ್ನು ನಾನು ನೋಡಿಲ್ಲ. ಮನೆಯಾಕೆ ಮಾತ್ರ ಕೋಟಿನ ಜೇಬು ಒದರುತ್ತ, "ಅಲ್ಲಿ ಉಸುಕು ಇನ್ನೂ ಜಾಸ್ತಿ ಇರಬೋದು" ಎಂದು ನಿಟ್ಟುಸಿರು ಬಿಟ್ಟರು.

ಮೇಷ್ಟ್ರು ನಿವೃತ್ತಿಯಾಗಿ ಮಡಕಶಿರಕ್ಕೆ ಮರಳಿದ ಮೇಲೆ ಒಂದು ಸಲ ಹೋಗಿದ್ದೆ. ಬೆಟ್ಟದ ಕೋಟೆಯ ಕೆಳಗೆ ಸಣ್ಣ ಮನೆ. ಹಲ್ಲು ಹೋಗಿದ್ದವು, ಅಂಗೈ ಇಳಿಜಾರಾಗುವುದು ಹೋಗಿರಲಿಲ್ಲ. ಕಡಲೆಕಾಯಿ ಹುರಿದು ಮುಂದಿಟ್ಟು, ಹಗರಿ ದಂಡೆಯ ಸಮಾಚಾರವೆಲ್ಲ ಕೇಳಿದರು. ಆ ಹೊಳೆ ಬಂದ ದಿನದ ಕತೆ ಊರಿನಲ್ಲಿ ಈಗ ಹೇಗೆ ನಡೆಯುತ್ತಿದೆ ಎಂದು ಹೇಳಿದೆ. ಜನ ಅದನ್ನು ಬೆಳೆಸಿಬಿಟ್ಟಿದ್ದರು. ಖಾಕಿ ಕೋಟಿನ ಒಬ್ಬ ಸರ್ವೇಯರು ನಿಜವಾಗಿಯೂ ಬಂದಿದ್ದನಂತೆ. ಬಡವರ ಬಳ್ಳಿಯ ಮೇಲೆ ಸರಪಳಿ ಎಳೆದನಂತೆ. ಹಗರಿಯಮ್ಮ ಸಿಟ್ಟಾಗಿ ಬಿಸಿಲಲ್ಲೇ ಇಳಿದು ಬಂದು ಅವನನ್ನು ಸರಪಳಿ ಸಮೇತ ಎಳೆದುಕೊಂಡು ಹೋದಳಂತೆ. ಮೇಷ್ಟ್ರ ಮಾತೇ ಆ ಕತೆಯಲ್ಲಿ ಇಲ್ಲ.

ಬೇಜಾರಾಗುತ್ತಾರೇನೋ ಎಂದು ನಾನು ಮುಖ ನೋಡಿದೆ. ಅವರು ಕೈಯಲ್ಲಿದ್ದ ಕಡಲೆಕಾಯಿ ಬಿಟ್ಟು ಮುಂದೆ ಬಾಗಿದ್ದರು.

"ಆ ಮನುಷ್ಯ ಏನಾದ? ದಡ ಸೇರಿದ್ನಂತಾ?"

"ಯಾರ್ರೀ ಸಾರ್?"

"ಸರ್ವೇಯರು."

ನಾನು ಒಂದು ಕಡಲೆಕಾಯಿ ಸುಲಿದೆ. ಆಮೇಲೆ, "ಹೌದ್ರಿ ಸಾರ್. ಕೆಳಗ ಕಣೇಕಲ್ಲಿನ ಹತ್ರ ದಂಡಿ ಹತ್ತಿದನಂತ. ಈಗೂ ಅದಾನಂತ" ಎಂದೆ.

"ಸದ್ಯ" ಎಂದು ಅವರು ಎದೆಯ ಮೇಲೆ ಕೈ ಇಟ್ಟುಕೊಂಡು ಹಿಂದಕ್ಕೆ ಒರಗಿದರು. "ಪಾಪ, ನಾನು ಕರೆದಿದ್ದಕ್ಕೆ ಬಂದೋನು."